ಹಳೆಯ ನಂಬರ್ ಹೋದ ಮೇಲೂ ಮೇಲ್ ಖಾತೆ ಮರಳಿ ಪಡೆದ ನನ್ನ ಅನುಭವ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಾನು ಸೈಬರ್ ಸೆಂಟರ್ ತೆರೆದು ಹದಿಮೂರು ವರ್ಷಗಳಾದವು. ಗಿರಾಕಿಗಳ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿಗಳ ಸ್ವೀಕೃತಿಗಳೆಲ್ಲ ಬಂದು ಸೇರುತ್ತಿದ್ದುದು ಅಂಗಡಿಯ ಒಂದೇ ಜಿಮೇಲ್ ಖಾತೆಗೆ. ಅದಕ್ಕೆ ಜೋಡಿಸಿದ್ದ ನಂಬರಿಗೆ ನಾನು ರೀಚಾರ್ಜ್ ಮಾಡಿಸುವುದನ್ನು ಬಿಟ್ಟಿದ್ದೆ. ಖಾತೆ ತೆರೆದೇ ಇದ್ದುದರಿಂದ ಎಂಟು ತಿಂಗಳು ಏನೂ ಗೊತ್ತಾಗಲಿಲ್ಲ. ಕಂಪ್ಯೂಟರ್ ಬದಲಿಸಿ, ಹಳೆಯದನ್ನು ಲಾಗ್ ಔಟ್ ಮಾಡಿ ಮದ್ದೂರಿನ ಅಕ್ಕನ ಮನೆಗೆ ಕೊಟ್ಟ ದಿನವೇ ಹೊಸ ಯಂತ್ರ ಓಟಿಪಿ ಕೇಳಿತು.

ಕಡಿತವಾದ ನಂಬರನ್ನು 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ನನ್ನ ಗಡುವು ಎಂದೋ ಮುಗಿದಿತ್ತು. ಆ ನಂಬರಿಗೆ ಕರೆ ಮಾಡಿದಾಗ ಹಾಸನದ ಕಡೆಯ ಹೆಣ್ಣುಮಗಳೊಬ್ಬರು ಎತ್ತಿದರು. ಬಂದ ಓಟಿಪಿ ಹೇಳುವಿರಾ ಎಂದು ಕೇಳಿದ್ದಕ್ಕೆ, "ಯಾರ್ಗೂ ಹೇಳ್ಬ್ಯಾಡ ಅಂತ ನಮ್ ಹುಡ್ಗಿ ಹೇಳವ್ಳೆ ಕಣಣ್ಣ" ಎಂದು ಇಟ್ಟುಬಿಟ್ಟರು. ಅವರು ಮಾಡಿದ್ದೇ ಸರಿ, ನಾನು ಕೇಳಿದ್ದೇ ತಪ್ಪು. ಅನಂತರ ಖಾತೆ ಮರುಪಡೆದುಕೊಡುತ್ತೇನೆಂದವನೊಬ್ಬನಿಗೆ 1,500 ರೂಪಾಯಿ ಕಳಿಸಿದೆ. ಅವನು ನನ್ನ ಬ್ಯಾಂಕಿನ ಓಟಿಪಿಯನ್ನೇ ಕೇಳಿದಾಗ ಎಚ್ಚರವಾಯಿತು. ಮೊಬೈಲಿನಿಂದ, ಮನೆಯಿಂದ, ಸ್ನೇಹಿತರ ಅಂಗಡಿಯಿಂದ ಹೀಗೆ ಸುಮಾರು ಇಪ್ಪತ್ತು ಸಲ ಯತ್ನಿಸಿ ಸೋತೆ. ನಮ್ಮ ವೃತ್ತಿಯವರೆಲ್ಲ ಹೊಸ ಖಾತೆ ತೆರೆಯುವಂತೆ ಹೇಳಿದರು.

ಹಿಂದೆ ಬಳಸುತ್ತಿದ್ದ ಸಾಧನದಿಂದ, ಹಿಂದೆ ಬಳಸುತ್ತಿದ್ದ ಜಾಗದಿಂದ ಯತ್ನಿಸಿ ಎಂದು ಗೂಗಲ್ ತನ್ನ ಸಹಾಯ ಪುಟದಲ್ಲೇ ಹೇಳುತ್ತದೆ. ಲಾಗ್ ಔಟ್ ಆದ ಯಂತ್ರದಲ್ಲಿ ಇನ್ನೇನು ಉಳಿದಿರುತ್ತದೆ ಎಂದು ಭಾಮೈದ ವಾದಿಸಿದ. ಆದರೆ ನಾನು ಬ್ರೌಸರಿನಲ್ಲಿ ಉಳಿದಿದ್ದ ಮಾಹಿತಿಯನ್ನು ಅಳಿಸಿರಲಿಲ್ಲ. ಅಕ್ಕನ ಮನೆಯ ಮಂಚದ ಕೆಳಗೆ ಹಳೆಯ ಸೀರೆ ಸುತ್ತಿಟ್ಟಿದ್ದ ಸಿಪಿಯುವನ್ನು ಗೂಡ್ಸ್ ಆಟೋದಲ್ಲಿ ತಂದೆ. ಬಾಡಿಗೆ 600, ಸಿಪಿಯುವಿಗೆ ಕರೆಂಟ್ ಕೊಡುವ, ಕೆಟ್ಟಿದ್ದ ಎಸ್‌ಎಂಪಿಎಸ್‌ಗೆ ಸುಮಾರು 750. ಅಂಗಡಿಯ ಅದೇ ಬ್ರಾಡ್‌ಬ್ಯಾಂಡಿಗೆ ಜೋಡಿಸಿ ತೆರೆದಾಗ, ಲಾಗಿನ್ ಪುಟದಲ್ಲಿ ನನ್ನ ಅಂಗಡಿಯ ಹೆಸರು, ಅದರ ಕೆಳಗೆ 'ಸೈನ್ಡ್ ಔಟ್' ಎಂಬ ಬೂದು ಅಕ್ಷರಗಳು ಹಾಗೇ ಇದ್ದವು.

ಮೊದಲ ಸಲ ಆಗಲಿಲ್ಲ. ದಿನಕ್ಕೆ ಒಂದೇ ಯತ್ನ ಎಂದು ಕಟ್ಟುನಿಟ್ಟು ಮಾಡಿಕೊಂಡೆ. ಐದನೆಯ ದಿನ ಹಳೆಯ ಪಾಸ್‌ವರ್ಡ್ ಒಪ್ಪಿ, ಸಂಪರ್ಕಕ್ಕೆ ಬೇರೊಂದು ಮೇಲ್ ಕೇಳಿತು. ಸುಮಾರು ಎರಡು ದಿನಗಳ ನಂತರ ಅದಕ್ಕೆ ಲಿಂಕ್ ಬಂತು. ಈ ಸುತ್ತಮುತ್ತ ಇದನ್ನು ಸಾಧಿಸಿದವರು ಬೇರೆ ಯಾರೂ ನನಗೆ ಕಂಡಿಲ್ಲ. ನಡುವಿನ ದಿನಗಳಲ್ಲಿ ಆ ಯಂತ್ರವನ್ನು ಹೇಗೆ ಬಳಸಿದೆ, ಪ್ರಶ್ನೆಗಳಿಗೆ ಯಾವ ಕ್ರಮದಲ್ಲಿ ಉತ್ತರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಖಾತೆ ತಮ್ಮದೇ ಎಂದು ತೋರಿಸುವವರಿಗೆ ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತೇನೆ.

ಒಳಹೋದ ತಕ್ಷಣ ಹಳೆಯ ನಂಬರ್ ತೆಗೆದು, ಲಾಗಿನ್ ಕೋಡನ್ನು ಮೊಬೈಲಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಜೋಡಿಸಿ, ಮೊಬೈಲ್ ಕೈಯಲ್ಲಿಲ್ಲದಾಗ ಬಳಸುವ ಎಂಟು ಅಂಕಿಗಳ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿದೆ. ಒಂದು ಪ್ರತಿ ಗಲ್ಲಾಪೆಟ್ಟಿಗೆಯಲ್ಲಿ, ಇನ್ನೊಂದು ಮನೆಯಲ್ಲಿ ಜಮೀನಿನ ಪತ್ರಗಳ ಜೊತೆಗಿದೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ; ಹೊಸ ಕಟ್ಟು ಪಡೆದರೆ ಹಳೆಯದು ಪೂರ್ತಿ ಸಾಯುತ್ತದೆ. ಇವೆರಡನ್ನೂ ಪರೀಕ್ಷಿಸಿಯೇ ನಂಬಿದೆ. ಮೊಬೈಲಿನ ಗಡಿಯಾರವನ್ನು ಬೇಕೆಂದೇ ಐದು ನಿಮಿಷ ಮುಂದಿಟ್ಟು ನೋಡಿದೆ: ಆ್ಯಪಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಒಂದೂ ಒಪ್ಪಿತವಾಗಲಿಲ್ಲ. ಗಿರಾಕಿ ಕೋಡ್ ತಪ್ಪು ಬರುತ್ತಿದೆ ಎಂದರೆ ನಾನೀಗ ಮೊದಲು ಗಡಿಯಾರ ನೋಡುತ್ತೇನೆ.

ಆಧಾರ್‌ನಲ್ಲಿ ನಂಬರ್ ಬದಲಿಸಲು ಕೇಂದ್ರಕ್ಕೇ ಹೋಗಿ ಬೆರಳಚ್ಚು ಕೊಟ್ಟೆ. ಆಗ ಶುಲ್ಕ 50 ರೂಪಾಯಿ ಇತ್ತು. ಡಿಜಿಲಾಕರ್ ಮುಂತಾದವುಗಳ ಓಟಿಪಿ ಅದೇ ನಂಬರಿಗೆ ಬರುವುದರಿಂದ ಅದನ್ನು ಮೊದಲು, ಬ್ಯಾಂಕ್ ಮತ್ತು ಯುಪಿಐಯನ್ನು ಅನಂತರ ಸರಿಪಡಿಸಿದೆ. ಒಟ್ಟು ಮೂರು ಸಾವಿರದ ಆಸುಪಾಸು ಖರ್ಚಾಯಿತು. ಅಂಗಡಿಯ ವ್ಯಾಪಾರ ಕೆಟ್ಟ ದಿನಗಳ ಲೆಕ್ಕ ಇದರಲ್ಲಿಲ್ಲ.

ಎಲ್ಲ ಮುಗಿದ ಮೇಲೆ ಹಾಸನದ ಆ ತಾಯಿಗೆ ಮತ್ತೊಮ್ಮೆ ಕರೆ ಮಾಡಿ, ನನ್ನ ಖಾತೆಗಳಿಂದೆಲ್ಲ ಅವರ ನಂಬರ್ ತೆಗೆದಿರುವುದಾಗಿ ತಿಳಿಸಿದೆ. "ಹೌದಾ ಅಣ್ಣ, ವಾರದಿಂದ ಮೆಸೇಜ್ ಬರದು ನಿಂತೈತೆ" ಎಂದರು.