ಗಾವೊದಲ್ಲಿ ಆರರ ಕೆಲಸವನ್ನು ಮೂರರಿಂದ ಮಾಡಿಸಿದ್ದು

ಆರು ಜನರೇಟರುಗಳಲ್ಲಿ ಮೂರನ್ನು ನಿಲ್ಲಿಸುತ್ತೇನೆ ಎಂದಾಗ ಶಿಬಿರದಲ್ಲಿ ಒಬ್ಬರೂ ಒಪ್ಪಲಿಲ್ಲ. ಯುರೋಪಿನ ಸೇನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಮ್ಯಾನೇಜರು, "ಇದು ನಿಮ್ಮ ಸಕ್ಕರೆ ಕಾರ್ಖಾನೆಯಲ್ಲ" ಎಂದರು. ಬಾಗಲಕೋಟೆ ಕಡೆಯ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಯಂತ್ರಗಳ ಜೊತೆ ಬಾಳಿದ್ದರಿಂದಲೇ ನನಗೆ ಆ ಧೈರ್ಯವಿತ್ತು.

ನಾನು ಮಾಲಿ ದೇಶದ ಗಾವೊ ತಲುಪಿದ್ದು 2016ರ ಕೊನೆಯಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ವಿದ್ಯುತ್ ಒದಗಿಸುವ ಗುತ್ತಿಗೆದಾರರ ಕಡೆಯಿಂದ. 2013ರ ಜನವರಿಯಲ್ಲಿ ಫ್ರೆಂಚ್ ಸೇನೆ ಉಗ್ರರ ಕೈಯಿಂದ ಬಿಡಿಸಿಕೊಂಡ ಊರು ಅದು. ಅದೇ ಜುಲೈಯಲ್ಲಿ ವಿಶ್ವಸಂಸ್ಥೆಯ ಪಡೆ ಕೆಲಸ ಆರಂಭಿಸಿತು. ಊರು ಬಿಡಿಸಿಕೊಂಡರೂ ದಾರಿಗಳು ಕೈಗೆ ಬಂದಿರಲಿಲ್ಲ. ನಾನು ಹೋದ ಕೆಲವೇ ವಾರಗಳಲ್ಲಿ, 2017ರ ಜನವರಿ 18ರಂದು, ಮಾಲಿ ಸೈನಿಕರೂ ಹಿಂದಿನ ಬಂಡುಕೋರರೂ ಒಟ್ಟಿಗಿದ್ದ ಶಿಬಿರಕ್ಕೆ ಆತ್ಮಾಹುತಿ ವಾಹನ ನುಗ್ಗಿತು. ಎಪ್ಪತ್ತರಷ್ಟು ಜನ ಸತ್ತರು. ನಮ್ಮ ಕಂಟ್ರೋಲ್ ಪ್ಯಾನೆಲಿನ ಗಾಜು ಒಡೆದು ನನ್ನ ಪಾದದ ಮೇಲೆ ಬಿದ್ದಿತ್ತು.

ಡೀಸೆಲ್ ಬರುತ್ತಿದ್ದದ್ದು ಟ್ಯಾಂಕರುಗಳಲ್ಲಿ, ಪಕ್ಕದ ನೈಜರ್ ದೇಶದ ರಾಜಧಾನಿ ನಿಯಾಮೆ ಕಡೆಯಿಂದ ಅನ್ಸೊಂಗೊ ಎಂಬ ಊರಿನ ಮೂಲಕ. ದಾರಿಯುದ್ದಕ್ಕೂ ಮಣ್ಣಿನಡಿ ಬಾಂಬು ಹೂಳುತ್ತಿದ್ದರು. ಒಮ್ಮೆ ಬಂದ ಟ್ಯಾಂಕರಿನ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ನಾಲ್ಕು ತೂತುಗಳಿದ್ದವು. ಚಾಲಕ ಬಟ್ಟೆ ಒಗೆಯುವ ಸೋಪನ್ನು ಕಚ್ಚಿ ಕಚ್ಚಿ ಮೆದು ಮಾಡಿ ಅವಕ್ಕೆ ತುರುಕಿದ್ದ. ಸೋಪಿನ ಮೇಲೆ ಅವನ ಹಲ್ಲಿನ ಗುರುತು ಹಾಗೆಯೇ ಇತ್ತು. ಲೀಟರಿನ ಲೆಕ್ಕವನ್ನು ಹಟದಿಂದ ಹಿಡಿದದ್ದು ಆ ದಿನದಿಂದ.

ತಲಾ ಐನೂರು ಕೆವಿಎ ಸಾಮರ್ಥ್ಯದ ಆರೂ ಯಂತ್ರಗಳು ಕಾಲು ಭಾಗದ ಲೋಡಿನಲ್ಲಿ ಹಗಲೂ ರಾತ್ರಿ ಓಡುತ್ತಿದ್ದವು. ಕಡಿಮೆ ಲೋಡಿನಲ್ಲಿ ಏನಾಗುತ್ತದೆ ಎಂದು ಈ ಕಸುಬಿನವರಿಗೆ ಹೇಳಬೇಕಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತಿತ್ತು, ಆಯಿಲ್ ಡೀಸೆಲಿನಂತೆ ತೆಳ್ಳಗಾಗಿತ್ತು. ಹಗಲು ಮೂರು, ರಾತ್ರಿ ಎರಡು ಸಾಕು ಎಂಬುದು ನನ್ನ ಲೆಕ್ಕ.

ಮೊದಲ ಸಲ ಸೋತೆ, ಸಣ್ಣದಾಗಿಯೂ ಅಲ್ಲ. ಏಪ್ರಿಲಿನ ಮಧ್ಯಾಹ್ನ, ನೆರಳಿನಲ್ಲೇ ನಲವತ್ತನಾಲ್ಕು ಡಿಗ್ರಿ, ಎಲ್ಲ ಎಸಿಗಳೂ ಚಾಲೂ. ಮೂರರಲ್ಲಿ ಒಂದು ಯಂತ್ರ ಕಾದು ನಿಂತಿತು, ಹೊರೆ ತಾಳದೆ ಉಳಿದೆರಡೂ ನಿಂತವು. ಇಡೀ ಶಿಬಿರ ಹನ್ನೊಂದೋ ಹನ್ನೆರಡೋ ನಿಮಿಷ ಕತ್ತಲು. ಆಸ್ಪತ್ರೆಗೆ ಪ್ರತ್ಯೇಕ ಜನರೇಟರ್ ಇದ್ದದ್ದರಿಂದ ಬದುಕಿದೆ. ಆ ತಿಂಗಳ ಬೋನಸ್ ಹೋಯಿತು, ನನ್ನನ್ನು ವಾಪಸು ಕಳಿಸುವ ಪತ್ರವೂ ಸಿದ್ಧವಾಗಿತ್ತು.

ಕಾರಣ ಗೊತ್ತಾಗಲು ಎರಡು ವಾರ ಬೇಕಾಯಿತು. ಸ್ಫೋಟ ತಡೆಯಲೆಂದು ಯಂತ್ರಗಳ ಮುಂದೆಯೇ ಮಣ್ಣು ತುಂಬಿದ ತಂತಿಬುಟ್ಟಿಗಳ ಗೋಡೆ ಕಟ್ಟಿದ್ದರು. ರೇಡಿಯೇಟರಿನಿಂದ ಹೊರಟ ಬಿಸಿಗಾಳಿ ಆ ಗೋಡೆಗೆ ಬಡಿದು ತಿರುಗಿ ಅದೇ ಯಂತ್ರದ ಮೂಗಿಗೆ ಬರುತ್ತಿತ್ತು. ಊದುಬತ್ತಿ ಹಚ್ಚಿ ಹಿಡಿದಾಗ ಹೊಗೆ ಒಳಗೆ ಎಳೆಯುವುದು ಕಣ್ಣಿಗೇ ಕಂಡಿತು. ಗೋಡೆ ಕೆಡವುವಂತಿಲ್ಲ. ಗಾವೊ ಸಂತೆಯಿಂದ ಐವತ್ತು ಅರುವತ್ತು ತಗಡು ತಂದು, ಬಿಸಿಗಾಳಿಯನ್ನು ಗೋಡೆಯ ಮೇಲಕ್ಕೆ ತಿರುಗಿಸುವ ಕೊಳವೆ ಕಟ್ಟಿದೆ. ಅಲ್ಲಿಯ ಹಣದಲ್ಲಿ ಮೂರು ಲಕ್ಷ ಸಿಎಫ್‌ಎ ಫ್ರಾಂಕ್ ಆಯಿತು, ನಮ್ಮ ಹಣದಲ್ಲಿ ಮೂವತ್ತೈದು ಸಾವಿರದ ಆಸುಪಾಸು. ಮೊದಲ ತಗಡಿನ ದುಡ್ಡು ನನ್ನ ಜೇಬಿನದೇ. ಬಾಗು ಎಷ್ಟಿರಬೇಕು, ಬಾಯಿ ಎಷ್ಟು ಅಗಲ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಪ್ಪಿದರೆ ಫ್ಯಾನು ಉಸಿರುಗಟ್ಟುತ್ತದೆ, ನಾನು ಮೂರು ಸಲ ಬಿಚ್ಚಿ ಕಟ್ಟಿ ಕಂಡುಕೊಂಡದ್ದು.

ಇನ್ನು ಧೂಳು. ಸಹಾರಾ ಕಡೆಯಿಂದ ಬರುವ ಒಣ ಧೂಳುಗಾಳಿ ಹರ್ಮಟ್ಟಾನ್ ಬೀಸುವ ತಿಂಗಳುಗಳಲ್ಲಿ ಏರ್ ಫಿಲ್ಟರ್ ಎಪ್ಪತ್ತು ಗಂಟೆಗೇ ಕಟ್ಟಿಕೊಳ್ಳುತ್ತಿತ್ತು. ಹೊಸದು ತರಿಸಲು ತಿಂಗಳುಗಟ್ಟಲೆ ಕಾಯಬೇಕು. ಹಳೆಯದನ್ನು ತೊಳೆದು ಹಾಕಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಒಂದನ್ನು ಕಳೆದುಕೊಂಡೆ, ಅದರ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆ ಕಟ್ಟಿದರೆ ಅರ್ಧ ದಿನಕ್ಕೆ ಗಾಳಿ ಸಾಲದೆ ಕಪ್ಪು ಹೊಗೆ. ಕೊನೆಗೆ ಫಿಲ್ಟರಿಗೆ ಮೊದಲು ಎರಡು ಪದರದ ಒಣ ಪರದೆ, ನಡುವೆ ಗೇಣು ಜಾಗ, ದಿನಕ್ಕೆರಡು ಸಲ ಕೊಡವುವುದು. ಫಿಲ್ಟರ್ ಇನ್ನೂರು ಗಂಟೆ ದಾಟಿತು. ಪರದೆಯ ಬಟ್ಟೆ ಯಾವುದು ಎಂದು ನನ್ನ ಸಹಾಯಕ ಹುಡುಗನಿಗೆ ಮಾತ್ರ ಗೊತ್ತು.

ನಡುವೆ ಊರಿನ ಲಾವಂಚದ ತಟ್ಟಿ ನೆನಪಾಗಿ ಅಲ್ಲಿನ ಚಾಪೆಗಳನ್ನು ನೈಜರ್ ನದಿಯ ನೀರಿನಲ್ಲಿ ನೆನೆಸಿ ಗಾಳಿ ಒಳಬರುವ ಕಡೆ ತೂಗುಹಾಕಿದೆ. ಆ ಒಣ ಹವೆಯಲ್ಲಿ ಒಳಗಾಳಿಯ ಬಿಸಿ ಹತ್ತು ಡಿಗ್ರಿಯಷ್ಟು ಕಡಿಮೆಯಾಯಿತು. ಕುಣಿದಾಡಿದೆ. ಮೂರನೇ ವಾರಕ್ಕೆ ನೀರಿನ ಜೇಡಿ ರೇಡಿಯೇಟರಿನ ರೆಕ್ಕೆಗಳ ಮೇಲೆ ಗಾರೆಯಂತೆ ಕೂತಿತು. ಕೆರೆದು ತೆಗೆಯಲು ನಾಲ್ಕು ದಿನ. ಚಾಪೆಗಳನ್ನು ಮಲಗಲು ಕೊಟ್ಟುಬಿಟ್ಟೆ.

2017ರ ಅಕ್ಟೋಬರಿನಿಂದ ಹಗಲು ಮೂರು, ರಾತ್ರಿ ಎರಡು. ಒಮ್ಮೆಯೂ ಕತ್ತಲಾಗಲಿಲ್ಲ. ಗಂಟೆಗೆ ಮೂವತ್ತು ಲೀಟರ್‌ನಷ್ಟು ಉಳಿತಾಯ, ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ. ಲೀಟರಿಗೆ ಆರುನೂರು ಫ್ರಾಂಕ್ ಹಿಡಿದರೂ ಒಂದು ಕೋಟಿ ಇಪ್ಪತ್ತು ಲಕ್ಷ ಫ್ರಾಂಕ್. ಮ್ಯಾನೇಜರು ತಾವೇ ಬಂದು ಬೇರೆ ಶಿಬಿರದವರನ್ನು ನನ್ನ ಬಳಿ ಕಲಿಯಲು ಕಳಿಸಿದರು. ನನಗೆ ಮುಖ್ಯವಾದದ್ದು ಬೇರೆ: ಎರಡು ತಿಂಗಳಿಗೆ ಒಂದಲ್ಲ ಒಂದು ಟ್ಯಾಂಕರ್ ಆ ದಾರಿಗೆ ಇಳಿಯುವುದು ತಪ್ಪಿತು. ಸೋಪಿನ ಚಾಲಕನಿಗೆ ಇದನ್ನು ಹೇಳಿದಾಗ ಅವನು ಟ್ರಿಪ್ಪಿಗೆ ಇಷ್ಟೆಂದು ಸಂಬಳ ಎಣಿಸಿ ಸುಮ್ಮನಾದ. ಮೂರನೇ ಲೋಟ ಚಹಾ ಕುಡಿದ ಮೇಲೆ, "ಶೆಫ್ (ಯಜಮಾನರೇ), ನನ್ನ ತಮ್ಮನೂ ಇದೇ ದಾರಿಯಲ್ಲಿ ಓಡಿಸುತ್ತಾನೆ. ಅವನದನ್ನು ಮೊದಲು ತಪ್ಪಿಸಿ" ಎಂದ.

ಮಾಲಿಯ ಉತ್ತರದ ಊರು ಕಿದಾಲ್‌ನಲ್ಲೂ ಇದನ್ನೇ ಮಾಡಲು ಹೋದೆ. ಅಲ್ಲಿಯ ಶಿಬಿರಕ್ಕೆ ರಾಕೆಟುಗಳು ಬೀಳುತ್ತಿದ್ದವು. ಒಂದು ಯಂತ್ರಕ್ಕೆ ಪೆಟ್ಟಾದರೆ ಇನ್ನೊಂದು ಚಾಲೂ ಆಗುವ ಹತ್ತು ಹದಿನೈದು ಸೆಕೆಂಡು ಕೂಡ ಕಾವಲು ದೀಪ ಆರುವಂತಿಲ್ಲ ಎಂದರು. ಅವರ ಮಾತು ಸರಿಯಿತ್ತು. ಅಲ್ಲಿ ತಗಡಿನ ಕೊಳವೆ ಕಟ್ಟಿ, ಪರದೆ ಹಾಕಿ, ಒಂದು ಯಂತ್ರವನ್ನು ಹೆಚ್ಚುವರಿಯಾಗಿ ಓಡುತ್ತಲೇ ಬಿಟ್ಟು ಬಂದೆ.