ಹದಿನಾರು ಕಾಲು ಮಂಟಪ ಮುಳುಗುವ ಮುಂಚೆ

ನಂಜನಗೂಡಿನಲ್ಲಿ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತೇನೆ. ಹೊಳೆ ಪಕ್ಕದ ಬೀದಿಗಳಲ್ಲಿ ಓಡಾಟ. ನಮ್ಮಲ್ಲಿ ಹೊಳೆ ಏರುವುದು ವಿಚಿತ್ರ. ಊರಲ್ಲಿ ಬಿಸಿಲು ಕಾಯುತ್ತಿರುತ್ತದೆ, ಬಟ್ಟೆ ಒಣಗುತ್ತಿರುತ್ತದೆ, ಕಪಿಲೆ, ಅಂದರೆ ಕಬಿನಿ ಹೊಳೆ, ಮಾತ್ರ ಮೆಟ್ಟಿಲು ಹತ್ತುತ್ತಿರುತ್ತಾಳೆ. ಮಳೆ ಹೊಯ್ಯುವುದು ಕೇರಳದ ವಯನಾಡಿನಲ್ಲಿ. ಆ ನೀರು ಬಂದು ಸೇರುವ ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ. ಕೆಆರ್‌ಎಸ್‌ ಹಿಡಿಯುವುದು 49.45. ಅದರ ಅರ್ಧವೂ ಇಲ್ಲ. ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಕೆಳಗೆ ಅಂದರೆ ನಾವು.

ವಯಸ್ಸಾದವರು ಆಕಾಶ ನೋಡಿ ಲೆಕ್ಕ ಹಾಕುತ್ತಾರೆ, ಇಲ್ಲ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ನೋಡಿ. ಮಂಟಪ ಮುಳುಗಲಿ, ಆಮೇಲೆ ನೋಡೋಣ ಅಂತ ಕೂರುತ್ತಾರೆ. ಎಂಬತ್ತು ದಾಟಿದವರನ್ನು ಆಮೇಲೆ ಎತ್ತಿಕೊಂಡು ಬರುವುದು ಅಷ್ಟು ಸುಲಭ ಅಲ್ಲ.

2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತು, ನಾನು ಮಾಡಿದ ತಪ್ಪುಗಳಿಂದಲೇ, ಹೊಳೆ ಏರುವ ಮುಂಚೆ ಹಿರಿಯರನ್ನು ಹೊರಡಿಸುವ ನನ್ನ ಈ ಕೆಲಸ ಶುರುವಾಯಿತು. ಬೆಳಿಗ್ಗೆ ಬೇಗ ಮನೆ ಖಾಲಿ ಮಾಡಬೇಕು ಅಂತ ಸುದ್ದಿ ಬಂತು. ನಾನು ಜಾಣೆ ಥರ ಮನೆಮನೆಗೆ ಹೋಗಿ "ಮಾತ್ರೆ ತಗೊಂಡೇ ಹೊರಡಿ" ಅಂದೆ. ಎಲ್ಲರೂ ತಗೊಂಡರು. ಆ ಗಲಾಟೆಯಲ್ಲಿ ತಿಂಡಿ ಸಿಕ್ಕಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಅಷ್ಟರಲ್ಲಿ ಶುಗರ್ ಇರುವ ಒಬ್ಬ ಅಮ್ಮ ಬೆವರಿ ಒದ್ದೆಯಾಗಿದ್ದರು. ಕೈ ನಡುಗುತ್ತಿತ್ತು, ಮಗನನ್ನು ಬೇರೆ ಯಾರದೋ ಹೆಸರಿನಿಂದ ಕರೆಯುತ್ತಿದ್ದರು. ಸುತ್ತಲಿನವರು ಗಾಬರಿಗೆ ಹೀಗಾಗಿದೆ ಅಂದರು. ನೋಡಿದರೆ ಗ್ಲೂಕೋಮೀಟರ್‌ನಲ್ಲಿ 54. ತಿನ್ನದೆ ಮಾತ್ರೆ ನುಂಗಿ ಶುಗರ್ ತೀರಾ ಇಳಿದಿತ್ತು. ಸಕ್ಕರೆ ನೀರು ಕುಡಿಸಿದೆ, ಹದಿನೈದು ನಿಮಿಷಕ್ಕೆ ಸರಿಹೋದರು. ಹೊಳೆಯಿಂದ ಪಾರು ಮಾಡಿ ಕರೆತಂದವಳೂ ನಾನೇ, ಆ ಸ್ಥಿತಿಗೆ ತಂದವಳೂ ನಾನೇ. ಈಗ ನನ್ನದು ಒಂದೇ ಮಾತು: ತಟ್ಟೆ ಕಣ್ಣಿಗೆ ಬೀಳುವವರೆಗೆ ಶುಗರ್ ಮಾತ್ರೆ ಬಾಯಿಗೆ ಬೇಡ. ಅವರ ಚೀಲದಲ್ಲಿ ಗ್ಲೂಕೋಸ್ ಪುಡಿ, ಬಿಸ್ಕತ್ತು ಇರಲೇಬೇಕು.

ಅದೇ ದಿನ ಇನ್ನೊಬ್ಬ ಅಜ್ಜಿ ಬರುವುದಿಲ್ಲ ಅಂತ ಹಟ ಹಿಡಿದಿದ್ದರು. ಹಿಂದೆ ಬಳೆ ಮಲಾರ ಹೊತ್ತು ಊರೂರು ಸುತ್ತಿದವರು. "ನಾ ಎಲ್ಲೂ ಬರಾಕಿಲ್ಲ ಕಣವ್ವ, ನಂಜುಂಡ ಅವ್ನೆ ಬುಡು" ಅಂತ ಕೂತುಬಿಟ್ಟರು. ಕೊನೆಗೆ ಹುಡುಗರು ಎತ್ತಿಕೊಂಡೇ ಬಂದರು. ದೇವರ ಮೇಲಿನ ಭಾರ, ಹಳೇ ಕಾಲದ ಮೊಂಡು ಅಂದುಕೊಂಡು ನಾನೂ ಸುಮ್ಮನಾದೆ.

ಮುಂದಿನ ವರ್ಷ ಬೇಸಿಗೆಯಲ್ಲಿ ಅವರ ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮಾತಾಡಿದಾಗ ನಿಜ ಹೊರಗೆ ಬಂತು. ಆ ನೆರೆಗೂ ಹಿಂದಿನ ವರ್ಷ, 2018ರಲ್ಲಿ, ಅವರು ನೆರೆ ಪರಿಹಾರ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಇದ್ದದ್ದು ಕುಕ್ಕರಗಾಲಲ್ಲಿ ಕೂರುವ ಕಕ್ಕಸ್ಸು. ಮಂಡಿ ಮಡಚಲು ಆಗುವುದಿಲ್ಲ. ಕೂತರೆ ಏಳಲು ಯಾರಾದರೂ ಕೈ ಹಿಡಿಯಬೇಕು, ಯಾರನ್ನು ಕರೆಯುವುದು? ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟರು. ಎರಡು ದಿನ. ಆಮೇಲೆ ಉರಿಮೂತ್ರ, ಜ್ವರ. ಇದನ್ನು ಗಂಡಸರ ಮುಂದೆ, ಮೈಕ್ ಹಿಡಿದು ಆಟೋದಲ್ಲಿ ಬಂದವರ ಮುಂದೆ ಹೇಳಲು ಆಗುತ್ತದಾ? ನಂಜುಂಡನ ಹೆಸರು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ.

ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ನೀರು ಬಂದಾಗ "ಬನ್ನಿ ಬನ್ನಿ" ಅನ್ನುವುದಕ್ಕಿಂತ, ನೀರಿಲ್ಲದಾಗ ಹೋಗಿ "ಯಾಕೆ ಬರಲ್ಲ?" ಅಂತ ಕೇಳುವುದು. ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೇ ವಾರ, ಒಂದು ನೋಟ್‌ಬುಕ್ ಹಿಡಿದು ಶುರು ಮಾಡುತ್ತೇನೆ. ಮೊದಲ ಉತ್ತರ ಬರೆದುಕೊಳ್ಳುವುದಿಲ್ಲ. ಅದು ಬಹುತೇಕ ಸುಳ್ಳೇ. ಎರಡನೇ ಸಲವೋ ಮೂರನೇ ಸಲವೋ ಹೋದಾಗ ಹೇಳಿದ್ದನ್ನು ಬರೆಯುತ್ತೇನೆ.

ಒಬ್ಬರಿಗೆ ಎರಡು ಮೇಕೆ. ಅವನ್ನು ಮೇಲಿನ ಬೀದಿಯಲ್ಲಿರುವ ತಂಗಿ ಮನೆಗೆ ಮೊದಲು ಕಳಿಸಿದರೆ ಇವರು ಹಿಂದೆಯೇ ಹೊರಡುತ್ತಾರೆ. ಒಬ್ಬರಿಗೆ ಕಿವಿ ಕೇಳದು, ಮೈಕ್‌ನಲ್ಲಿ ಕೂಗಿದ್ದೇ ಗೊತ್ತಾಗಿರಲಿಲ್ಲ. ಇನ್ನೊಬ್ಬರಿಗೆ 'ಗಂಜಿ ಕೇಂದ್ರ' ಅನ್ನುವ ಹೆಸರೇ ಅವಮಾನ. "ಗಂಜಿ ಕುಡಿಯೋಕೆ ನಾನೇನು ಗತಿಗೆಟ್ಟವಳಾ?" ಅಂದರು. ಈಗ ಸರ್ಕಾರ 'ಕಾಳಜಿ ಕೇಂದ್ರ' ಅನ್ನುತ್ತದೆ. ಹೆಸರು ಬದಲಾಯಿಸಿದವರು ಯಾರೋ, ನನ್ನ ಕೆಲಸ ಸ್ವಲ್ಪ ಹಗುರ ಮಾಡಿದ್ದಾರೆ.

ಬಳೆ ಅಜ್ಜಿಗೆ ಬೇಕಾದದ್ದು ಕಮೋಡ್ ಕುರ್ಚಿ. ಕೈಯಲ್ಲಿರುವುದು ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ. ಅಂಗಡಿಯದು ಆಗುವ ಮಾತಲ್ಲ. ನಮ್ಮ ಬೀದಿಯ ವೆಲ್ಡಿಂಗ್ ಹುಡುಗ ಹಳೇ ಕಬ್ಬಿಣದ ಕುರ್ಚಿಯ ಸೀಟು ಕತ್ತರಿಸಿ, ಅಂಚು ಚುಚ್ಚದ ಹಾಗೆ ಉಜ್ಜಿ, ಕೆಳಗೆ ಬಕೆಟ್ ಕೂರುವ ಹಾಗೆ ಮಾಡಿಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಮರೆಗೆ ಒಂದು ಹಳೇ ಸೀರೆ, ಎರಡು ಹಗ್ಗ. 2024ರ ಜುಲೈ ಕೊನೆಯಲ್ಲಿ, ವಯನಾಡಿನಲ್ಲಿ ಗುಡ್ಡ ಕುಸಿದ ಆ ದಿನಗಳಲ್ಲಿ, ಇಲ್ಲಿ ಮತ್ತೆ ಹೊಳೆ ಏರಿತು. ಅಜ್ಜಿ ನನಗಿಂತ ಮೊದಲೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಕುರ್ಚಿ ಓಯ್ತಾ?" ಅದೊಂದೇ ಪ್ರಶ್ನೆ.

ಎತ್ತಿಕೊಂಡು ಬರುವವರ ವಿಷಯ. ಒಬ್ಬೊಬ್ಬ ಹಿರಿಯರಿಗೂ ಇಬ್ಬರ ಹೆಸರು ಬರೆದಿಟ್ಟಿರುತ್ತೇನೆ. ಒಬ್ಬರು ಸಾಲದು. ಮಗ ಫ್ಯಾಕ್ಟರಿಯಲ್ಲಿ ಶಿಫ್ಟ್‌ನಲ್ಲಿದ್ದರೆ ಫೋನೂ ತೆಗೆಯುವುದಿಲ್ಲ. ಜೂನ್‌ನಲ್ಲಿ ಒಂದು ಭಾನುವಾರ ನಿಜವಾಗಿ ಎತ್ತಿ ನೋಡುತ್ತೇವೆ. ಮೊದಲ ವರ್ಷ ಎಲ್ಲರಿಗೂ ನಗು. ಒಬ್ಬ ತಾತನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹಳೇ ಹೆಂಚಿನ ಮನೆ, ಬಾಗಿಲು ಗಿಡ್ಡ, ಅಗಲವೂ ಇಲ್ಲ. ಹುಡುಗರು ಬಗ್ಗಿದರೆ ಕುರ್ಚಿ ವಾಲುತ್ತದೆ, ವಾಲಿದರೆ ತಾತ ಬೈಯುತ್ತಾರೆ. ಆ ಮನೆಗೆ ಈಗ ದಪ್ಪ ಜಮಖಾನ. ಮಲಗಿಸಿ ನಾಲ್ಕು ಮೂಲೆ ಹಿಡಿದು ಹೊಸ್ತಿಲು ದಾಟಿಸಿ, ಆಮೇಲೆ ಕುರ್ಚಿ. ಮೊಣಕಾಲುದ್ದ ನೀರಿನಲ್ಲಿ ಇದು ಗೊತ್ತಾಗಿದ್ದರೆ ಏನು ಗತಿ?

ಚೀಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ಲಾಸ್ಟಿಕ್ ಕವರ್‌ನಲ್ಲಿ. ಕನ್ನಡಕ, ಹಲ್ಲಿನ ಸೆಟ್ಟು, ಊರುಗೋಲು. ಹತ್ತು ದಿನದ ಮಾತ್ರೆ. ಮಾತ್ರೆಯನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ, ಸ್ಟ್ರಿಪ್‌ನಲ್ಲೇ ಇರಲಿ. "ಬಿಳೀದು, ದುಂಡಗಿರೋದು" ಅಂದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಕೆಲವು ಬಿಪಿ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಬಿಪಿ ಎಗರುತ್ತದೆ, ಅದಕ್ಕೇ ಜುಲೈನಲ್ಲಿ ಮುಗಿಯುವ ಮುಂಚೆಯೇ ಮುಂದಿನದು ತರಿಸಿಡುತ್ತೇನೆ.

ಇನ್ಸುಲಿನ್ ಬಗ್ಗೆ ಮಾತ್ರ ಹೇಳಲೇಬೇಕು. ನೀರು ನುಗ್ಗಿದ ಬೀದಿಗೆ ಕರೆಂಟ್ ತೆಗೆಯುತ್ತಾರೆ, ಫ್ರಿಜ್ ಇದ್ದೂ ಪ್ರಯೋಜನ ಇಲ್ಲ. ಐಸ್ ಪೊಟ್ಟಣಕ್ಕೆ ತಾಗಿಸಿ ಇಡುವವರೂ ಇದ್ದಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಿತು ಅಂತಲೇ ಲೆಕ್ಕ. ನಮ್ಮಲ್ಲಿ ಎರಡು ಮಡಕೆ ಉಪಾಯ. ದೊಡ್ಡ ಮಡಕೆಯಲ್ಲಿ ಮರಳು, ಅದರೊಳಗೆ ಚಿಕ್ಕ ಮಡಕೆ, ಮರಳಿಗೆ ಆಗಾಗ ನೀರು, ಮೇಲೆ ಒದ್ದೆ ಬಟ್ಟೆ. ಬಾಟಲಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗಿಡಬೇಕು. ಮಡಕೆ ಬೆವರಿದಷ್ಟೂ ಒಳಗೆ ತಂಪು.

ಡಯಾಲಿಸಿಸ್‌ಗೆ ಮೈಸೂರಿಗೆ ಹೋಗಿಬರುವವರು ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ. 2019ರಲ್ಲಿ ಮಲ್ಲನಮೂಲೆ ಮಠದ ಹತ್ತಿರ ನೀರು ನುಗ್ಗಿ ಮೈಸೂರು ರಸ್ತೆಯೇ ಬಂದ್ ಆಗಿತ್ತು. ಅಂಥವರು ಮನೆಗೆ ನೀರು ಬರುವವರೆಗೆ ಕಾಯುವ ಹಾಗಿಲ್ಲ. ಕಬಿನಿಯಿಂದ ಜಾಸ್ತಿ ಬಿಡುತ್ತಾರೆ ಅಂತ ಸುದ್ದಿ ಬಂದ ದಿನವೇ ಮೈಸೂರಿನ ನೆಂಟರ ಮನೆಗೆ ಹೊರಡಬೇಕು. ಒಬ್ಬರ ಸೊಸೆ "ಇನ್ನೂ ಏನೂ ಆಗಿಲ್ವಲ್ಲಾ ಅಕ್ಕಾ" ಅಂದರು. ಅದಕ್ಕೇ ಈಗ ಹೋಗಿ ಅಂದೆ.

ಸಮುದ್ರ ನಮಗೆ ದೂರ, ಚಂಡಮಾರುತವನ್ನು ಟಿವಿಯಲ್ಲೇ ನೋಡುವುದು. 2005ರಲ್ಲಿ ಅಮೆರಿಕದ ಕತ್ರಿನಾ ಚಂಡಮಾರುತಕ್ಕೆ ಲೂಸಿಯಾನಾದಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧ ಜನ 75 ತುಂಬಿದವರು ಅಂತ ಮಗಳು ಒಮ್ಮೆ ಓದಿ ಹೇಳಿದಳು. ಅಷ್ಟು ಕಾರು, ಅಷ್ಟು ರಸ್ತೆ ಇರುವ ದೇಶ. ನನಗೆ ನೆನಪಾದದ್ದು ಬಳೆ ಅಜ್ಜಿಯ ಮಂಡಿ.

ನೀರು ಇಳಿದ ಮೇಲೂ ಎರಡು ವಾರ ನನಗೆ ಬಿಡುವಿಲ್ಲ. ಅಜ್ಜಿಯರು ಬರಿಗಾಲಲ್ಲಿ ಕೆಸರು ಬಳಿಯಲು ನಿಲ್ಲುತ್ತಾರೆ. ಶುಗರ್ ಇದ್ದವರಿಗೆ ಪಾದ ಮರಗಟ್ಟಿ ಗಾಯ ಆದದ್ದೇ ಗೊತ್ತಾಗುವುದಿಲ್ಲ. ಇಲಿ ಉಚ್ಚೆ ಬೆರೆತ ನೀರು ಆ ಗಾಯಕ್ಕೆ ತಾಗಿದರೆ ಇಲಿ ಜ್ವರ. ಕಸಬರಿಗೆ ಕಿತ್ತುಕೊಂಡು ಮೊಮ್ಮಕ್ಕಳ ಕೈಗೆ, ಬೂಟು ಹಾಕಿಸಿ, ಕೊಡುತ್ತೇನೆ. ಬೈಸಿಕೊಳ್ಳುತ್ತೇನೆ. ಜ್ವರ ಬಂದರೆ ಕಷಾಯ ಮಾಡಿಕೊಂಡು ಕೂರದೆ ಆಸ್ಪತ್ರೆಗೆ ಬರಬೇಕು, ಹೊಳೆ ನೀರಲ್ಲಿ ನಿಂತಿದ್ದೆ ಅಂತ ಡಾಕ್ಟರಿಗೆ ಹೇಳಬೇಕು.

ಪಟ್ಟಿಯಲ್ಲಿ ಒಬ್ಬರು ಹಾಗೇ ಉಳಿದಿದ್ದಾರೆ. ನಿವೃತ್ತ ಮೇಷ್ಟ್ರು, ಒಬ್ಬರೇ ಇರುವುದು. ಹೋದಾಗಲೆಲ್ಲ ಕಾಫಿ ಕೊಡುತ್ತಾರೆ, ಪೇಪರ್‌ನಲ್ಲಿ ಬಂದ ಕ್ಯೂಸೆಕ್ ಲೆಕ್ಕವನ್ನು ನನಗೇ ವಿವರಿಸುತ್ತಾರೆ. "ನೀವು ಯಾಕೆ ಬರಲ್ಲ ಸಾರ್?" ಅಂದರೆ "ಬರ್ತೀನಮ್ಮ" ಅನ್ನುತ್ತಾರೆ. ಎರಡು ಸಲವೂ ಬರಲಿಲ್ಲ, ಅಟ್ಟ ಹತ್ತಿ ಕೂತಿದ್ದರು. ಒಳಕೋಣೆಯ ಬಾಗಿಲು ಯಾವಾಗಲೂ ಹಾಕಿರುತ್ತದೆ. ನೋಟ್‌ಬುಕ್‌ನಲ್ಲಿ ಅವರ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ಈ ಸಲ ಎರಡು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂರಬೇಕು.