ಈಸ್ ಬರೆಯಬೇಕೋ, ಆರ್ ಬರೆಯಬೇಕೋ? ಮೊದಲು ಯಜಮಾನನನ್ನು ಹುಡುಕಿ

ಸಂಜೆ ಹೊತ್ತು ಧಾರವಾಡದ ಸಪ್ತಾಪುರದಲ್ಲಿ ಓಡಾಡಿದರೆ ಝೆರಾಕ್ಸ್ ನೋಟ್ಸ್ ಹಿಡಿದ ಹುಡುಗ ಹುಡುಗಿಯರೇ ಎಲ್ಲ ಕಡೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಬ್ಯಾಂಕು ಅಂತ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಇಂಥ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತ, ಅವರ ಪೇಪರ್ ತಿದ್ದುತ್ತ ವರ್ಷಗಳೇ ಆದವು. ಕಷ್ಟದ ಪದಗಳ ಅರ್ಥ ಅವರಿಗೆ ಗೊತ್ತಿರುತ್ತದೆ. ಟೆನ್ಸ್ ಬಾಯಿಪಾಠ ಆಗಿರುತ್ತದೆ. ಮಾರ್ಕ್ಸ್ ಹೋಗುವುದು ವಾಕ್ಯದ ಸಬ್ಜೆಕ್ಟ್‌ಗೆ, ಅಂದರೆ ಕರ್ತೃವಿಗೆ, ಸರಿಯಾದ ವರ್ಬ್ ಹೊಂದಿಸುವಾಗ.

ಈ ವಿಷಯದಲ್ಲಿ ಕನ್ನಡವೇ ಇಂಗ್ಲಿಷ್‌ಗಿಂತ ಕಷ್ಟ. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ. ಇಷ್ಟೆಲ್ಲ ರೂಪಗಳನ್ನು ಮೂರು ವರ್ಷದ ಮಗು ಕೂಡ ತಪ್ಪದೆ ಬಳಸುತ್ತದೆ. ಇಂಗ್ಲಿಷ್‌ನಲ್ಲಿ ಇರುವುದು ಎರಡೇ: ಕಮ್, ಕಮ್ಸ್. ಆರನ್ನು ಸಂಭಾಳಿಸುವವರು ಎರಡರಲ್ಲಿ ಎಡವುವುದು ದಡ್ಡತನದಿಂದಲ್ಲ. ನಮ್ಮ ಕಿವಿಗೆ ಕನ್ನಡದ ವಾಕ್ಯದ ರೂಢಿ ಇದೆ. ಆ ರೂಢಿಯನ್ನೇ ಕೆಲಸಕ್ಕೆ ಹಚ್ಚಬಹುದು.

ಮೊದಲ ಹೆಜ್ಜೆ: ಎಸ್ ಎಲ್ಲಿ ಬೇಕು

ಇದು ಸುಲಭ. ಹೀ, ಶೀ, ಇಟ್ ಅಥವಾ ಒಬ್ಬ ವ್ಯಕ್ತಿ, ಒಂದು ವಸ್ತು ಇದ್ದರೆ ವರ್ತಮಾನ ಕಾಲದಲ್ಲಿ ವರ್ಬ್‌ಗೆ ಎಸ್ ಬೇಕು. ಕ್ಯಾನ್, ವಿಲ್, ಮಸ್ಟ್ ಬಂದರೆ ಬೇಡ. ಭೂತಕಾಲದಲ್ಲಿ ವಾಸ್, ವರ್ ಎರಡನ್ನು ನೋಡಿಕೊಂಡರೆ ಸಾಕು. ‘ಡಸ್’ ಬಂದರೆ ಎಸ್ ಅದರೊಳಗೇ ಸೇರಿಹೋಯಿತು. ಹಾಗಾಗಿ ‘ಹೀ ಡಸಂಟ್ ನೋ’ ಸರಿ, ‘ಹೀ ಡಸಂಟ್ ನೋಸ್’ ತಪ್ಪು.

ಇಲ್ಲೇ ಒಂದು ಶಾರ್ಟ್‌ಕಟ್ ಬಗ್ಗೆ ಹೇಳಿಬಿಡುತ್ತೇನೆ. ‘ನಾಮಪದಕ್ಕೆ ಎಸ್ ಇದ್ದರೆ ಕ್ರಿಯಾಪದಕ್ಕೆ ಬೇಡ, ಅಲ್ಲಿ ಇಲ್ಲದಿದ್ದರೆ ಇಲ್ಲಿ ಬೇಕು’ ಅಂತ ಬಹಳ ಕಡೆ ಕಲಿಸುತ್ತಾರೆ. ಇದನ್ನು ನಂಬಬೇಡಿ. ಚಿಲ್ಡ್ರನ್, ಪೀಪಲ್, ಕ್ಯಾಟಲ್ ಇವುಗಳ ಕೊನೆಯಲ್ಲಿ ಎಸ್ ಇಲ್ಲ, ಆದರೂ ಬಹುವಚನ. ನ್ಯೂಸ್, ಮ್ಯಾಥಮ್ಯಾಟಿಕ್ಸ್ ಎಸ್‌ನಿಂದ ಮುಗಿಯುತ್ತವೆ, ಆದರೂ ಏಕವಚನ. ಪ್ರಶ್ನೆ ತೆಗೆಯುವವರು ಹುಡುಕಿ ಹುಡುಕಿ ಇಂಥವನ್ನೇ ಕೇಳುತ್ತಾರೆ.

ಎರಡನೇ ಹೆಜ್ಜೆ: ಯಜಮಾನ ಯಾರು

ಎಲ್ಲರೂ ಜಾರುವ ಜಾಗ ಇದು. ಸಬ್ಜೆಕ್ಟ್‌ನಲ್ಲಿ ಮುಖ್ಯವಾದ ಪದವನ್ನು ನಾನು ಯಜಮಾನ ಅನ್ನುತ್ತೇನೆ, ಅದಕ್ಕೆ ಅಂಟಿಕೊಂಡು ಬರುವ ಉಳಿದ ಪದಗಳು ಅವನ ಬಳಗ. ನಿಧಾನವಾಗಿ ಓದಿ.

ಒಬ್ಬ ಹುಡುಗ ‘ದ ಪ್ರೈಸ್ ಆಫ್ ದ ಮ್ಯಾಂಗೋಸ್ ಹ್ಯಾವ್ ಗಾನ್ ಅಪ್’ ಎಂದು ಬರೆದಿದ್ದ. ನಾನು ‘ಹ್ಯಾವ್’ಗೆ ಕೆಂಪು ಗೆರೆ ಎಳೆದೆ. ‘ಸರ್, ಮ್ಯಾಂಗೋಸ್ ಅಂತ ಐತಲ್ರೀ, ಹ್ಯಾವ್ ಬರಬೇಕಲ್ರೀ?’ ಅಂದ. ಇದನ್ನೇ ಕನ್ನಡದಲ್ಲಿ ಹೇಳು ಅಂದೆ. ‘ಮಾವಿನಹಣ್ಣಿನ ರೇಟು ಏರೇತ್ರಿ.’ ಏರಿದ್ದು ಏನು, ಹಣ್ಣೋ ರೇಟೋ? ಅವನು ಉತ್ತರ ಕೊಡಲಿಲ್ಲ. ಪೆನ್ಸಿಲ್ ತೆಗೆದು ‘ಪ್ರೈಸ್’ ಸುತ್ತ ಒಂದು ಗುಂಡು ಹಾಕಿದ. ‘ಹ್ಯಾವ್’ ಹೊಡೆದು ‘ಹ್ಯಾಸ್’ ಬರೆದ.

ಆಗಿದ್ದು ಇಷ್ಟು. ಕನ್ನಡದಲ್ಲಿ ಬಳಗವೆಲ್ಲ ಮುಂದೆ ಬಂದು, ಯಜಮಾನ ಕೊನೆಗೆ ಬರುತ್ತಾನೆ. ಧಾರವಾಡದ, ಆಪೂಸ್, ಮಾವಿನಹಣ್ಣಿನ, ರೇಟು. ಅವನ ಬೆನ್ನಿಗೇ ಕ್ರಿಯಾಪದ. ಇಂಗ್ಲಿಷ್‌ನಲ್ಲಿ ಉಲ್ಟಾ. ಯಜಮಾನ ಮೊದಲೇ ಬಂದು ಕೂತಿರುತ್ತಾನೆ. ಆಫ್, ಇನ್, ವಿತ್, ಫ್ರಮ್ ಹಿಡಿದುಕೊಂಡು ಬಳಗ ಅವನ ಹಿಂದೆ ಬರುತ್ತದೆ. ವರ್ಬ್ ಹತ್ತಿರ ಬರುವ ಹೊತ್ತಿಗೆ ನಮ್ಮ ಕಿವಿಗೆ ಬೀಳುವುದು ಬಳಗದ ಕೊನೆಯವನ ಹೆಸರು. ಅವನನ್ನೇ ಯಜಮಾನ ಅಂದುಕೊಂಡು ವರ್ಬ್ ಹಾಕುತ್ತೇವೆ.

ಆದ್ದರಿಂದ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. ಕ್ರಿಯಾಪದಕ್ಕೆ ‘ಯಾರು?’ ಅಥವಾ ‘ಏನು?’ ಅಂತ ಪ್ರಶ್ನೆ ಹಾಕಿ. ಬರುವ ಉತ್ತರದ ಕೊನೆಯ ಪದವೇ ಯಜಮಾನ. ಇಂಗ್ಲಿಷ್ ವಾಕ್ಯದಲ್ಲಿ ಆ ಪದಕ್ಕೆ ಪೆನ್ಸಿಲ್‌ನಿಂದ ಗುಂಡು ಹಾಕಿ. ಅಲ್ಲಿಂದ ವರ್ಬ್‌ವರೆಗೆ ಇರುವುದನ್ನೆಲ್ಲ ಬೆರಳಿನಿಂದ ಮುಚ್ಚಿ ಓದಿ. ಹೌದು, ನಿಜವಾಗಿಯೂ ಬೆರಳಿಟ್ಟು ಮುಚ್ಚಿ. ಕಣ್ಣಲ್ಲೇ ದಾಟುತ್ತೇನೆ ಅನ್ನುವವರು ಮತ್ತೆ ಮತ್ತೆ ಅದೇ ತಪ್ಪು ಮಾಡುವುದನ್ನು ನೋಡಿದ್ದೇನೆ.

ಬ್ಯಾಡಗಿ ಮೆಣಸಿನಕಾಯಿಗಳ ಬಣ್ಣ ಕಡುಗೆಂಪು. ಕಡುಗೆಂಪು ಏನು? ಬಣ್ಣ. ಅದಕ್ಕೇ ‘ದ ಕಲರ್ ಆಫ್ ಬ್ಯಾಡಗಿ ಚಿಲ್ಲೀಸ್ ಈಸ್ ಡೀಪ್ ರೆಡ್’. ಗದಗಿನ ತ್ರಿಕೂಟೇಶ್ವರ ಗುಡಿಯ ಕಂಬಗಳು ಚೆಂದ. ಚೆಂದ ಏನು? ಕಂಬಗಳು. ಅದಕ್ಕೇ ‘ದ ಪಿಲ್ಲರ್ಸ್ ಆಫ್ ದ ಟೆಂಪಲ್ ಆರ್ ಬ್ಯೂಟಿಫುಲ್’. ವಾಕ್ಯ ಉದ್ದವಾದರೂ ಲೆಕ್ಕ ಅದೇ. ಬೆಳಗಿನ ರೈಲಿನಲ್ಲಿ ಹಾವೇರಿಯಿಂದ ಬಂದ ವಿದ್ಯಾರ್ಥಿಗಳು ಕಾಯುತ್ತಿದ್ದಾರೆ: ‘ದ ಸ್ಟೂಡೆಂಟ್ಸ್ ಹೂ ಕೇಮ್ ಫ್ರಮ್ ಹಾವೇರಿ ಬೈ ದ ಮಾರ್ನಿಂಗ್ ಟ್ರೇನ್ ಆರ್ ವೇಟಿಂಗ್’. ಪಕ್ಕದಲ್ಲಿ ಟ್ರೇನ್ ಇದ್ದರೂ ಕಾಯುತ್ತಿರುವುದು ಟ್ರೇನ್ ಅಲ್ಲ, ಅಲ್ವಾ?

‘ಒನ್ ಆಫ್’ ಬಂದಾಗ ಒಂದೇ ವಾಕ್ಯದಲ್ಲಿ ಎರಡು ತಪ್ಪು ಆಗುತ್ತವೆ. ‘ಒನ್ ಆಫ್ ಮೈ ಫ್ರೆಂಡ್ ಲಿವ್ ಇನ್ ಗದಗ’ ಅಂತ ಬರೆಯುವವರೇ ಜಾಸ್ತಿ. ಕನ್ನಡದಲ್ಲಿ ಹೇಳಿ: ನನ್ನ ಗೆಳೆಯರಲ್ಲಿ ಒಬ್ಬ ಗದಗಿನಲ್ಲಿ ಇದ್ದಾನೆ. ಗೆಳೆಯರು ಹಲವರು, ಹಾಗಾಗಿ ‘ಫ್ರೆಂಡ್ಸ್’. ಇರುವವನು ಒಬ್ಬ, ಹಾಗಾಗಿ ‘ಲಿವ್ಸ್’.

ಮಾರುವ ನೋಟ್ಸ್‌ಗಳಲ್ಲಿ ‘40 ರೂಲ್ಸ್’ ಅಂತ ಪಟ್ಟಿ ಇರುತ್ತದೆ. ವಿತ್, ಅಲಾಂಗ್ ವಿತ್, ಟುಗೆದರ್ ವಿತ್, ಆಸ್ ವೆಲ್ ಆಸ್ ಎಲ್ಲಕ್ಕೂ ಒಂದೊಂದು ನಂಬರ್. ಇವು ನಾಲ್ಕಲ್ಲ, ಒಂದೇ. ಇವು ಆದಮೇಲೆ ಬರುವವರು ಬಳಗ, ಇವುಗಳಿಗಿಂತ ಮೊದಲೇ ಬಂದವನು ಯಜಮಾನ. ಹಣ ಕೊಟ್ಟು ಆ ಪಟ್ಟಿ ತರಬೇಡಿ. ಝೆರಾಕ್ಸ್‌ನ ಝೆರಾಕ್ಸ್ ಆಗಿ ಬಂದ ಕೆಲವು ಪ್ರತಿಗಳಲ್ಲಿ ಉತ್ತರಗಳೇ ತಪ್ಪಿದ್ದವು.

ಮೂರನೇ ಹೆಜ್ಜೆ: ಕನ್ನಡ ಕೈಕೊಡುವ ಎರಡು ಕಡೆ

ಯಜಮಾನನನ್ನು ಹುಡುಕಲು ಕನ್ನಡ ಬೇಕು. ಅವನು ಒಬ್ಬನೋ ಹಲವರೋ ಅಂತ ಎಣಿಸುವಾಗ ಕನ್ನಡವನ್ನು ಪಕ್ಕಕ್ಕಿಡಿ.

ಅಪ್ಪ ಒಬ್ಬರೇ ಆದರೂ ನಾವು ‘ಬರುತ್ತಾರೆ’ ಅನ್ನುತ್ತೇವೆ. ಆ ಗೌರವವೇ ಕೈಗೆ ಬಂದು ‘ಮೈ ಫಾದರ್ ಆರ್ ಎ ಫಾರ್ಮರ್’ ಅಂತ ಬರೆಸುತ್ತದೆ. ಇಂಗ್ಲಿಷ್ ವರ್ಬ್‌ನಲ್ಲಿ ಗೌರವದ ಬಹುವಚನ ಇಲ್ಲ. ಅಪ್ಪ, ಹೆಡ್‌ಮಾಸ್ಟರ್, ರಾಷ್ಟ್ರಪತಿ ಯಾರೇ ಇರಲಿ, ಒಬ್ಬರಿದ್ದರೆ ‘ಈಸ್’.

ಇನ್ನೊಂದು ಇದಕ್ಕೆ ಉಲ್ಟಾ. ‘ಎರಡು ಬಸ್ಸು ಬಂತು’ ಅನ್ನುವುದು ನಮ್ಮ ಮಾತಿನಲ್ಲಿ ಸಹಜ. ಎರಡು ಅಂದಮೇಲೆ ‘ಬಸ್ಸುಗಳು’ ಬೇಕಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಟೂ ಬಸಸ್ ಹ್ಯಾವ್ ಕಮ್’ ಎಂದೇ ಬರೆಯಬೇಕು.

ದೂರ, ದುಡ್ಡು, ಸಮಯ ಇವನ್ನು ಒಟ್ಟಾಗಿ ಒಂದು ಅಳತೆ ಅಂತ ಹೇಳುವಾಗ ಮಾತ್ರ ಏಕವಚನ. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಬ್ಯಾಗು ಹೊತ್ತು ಈ ತುದಿಯಿಂದ ಆ ತುದಿಗೆ ನಡೆದವರು ‘1,507 ಮೀಟರ್ಸ್ ಈಸ್ ಎ ಲಾಂಗ್ ವಾಕ್’ ಅಂತ ಬರೆಯಬೇಕು. ಮೀಟರ್‌ಗಳನ್ನು ಒಂದೊಂದಾಗಿ ಎಣಿಸುತ್ತಿಲ್ಲ, ಒಟ್ಟು ದೂರ ಹೇಳುತ್ತಿದ್ದೇವೆ.

ಉಳಿದವು ಬೇಗ ಬೇಗ

ಈಚ್, ಎವ್ರಿ, ಎವ್ರಿಒನ್ ಏಕವಚನ. ಫರ್ನಿಚರ್, ಲಗೇಜ್, ಅಡ್ವೈಸ್, ಇನ್‌ಫರ್ಮೇಷನ್ ಇವುಗಳಿಗೆ ಎಸ್ ಹಚ್ಚಬೇಡಿ, ವರ್ಬ್ ಏಕವಚನ. ‘ದೇರ್’ನಿಂದ ವಾಕ್ಯ ಶುರುವಾದರೆ ಯಜಮಾನ ವರ್ಬ್ ಆದಮೇಲೆ ಬರುತ್ತಾನೆ. ‘ದ ನಂಬರ್ ಆಫ್’ ಅಂದರೆ ಸಂಖ್ಯೆ, ಏಕವಚನ. ‘ಎ ನಂಬರ್ ಆಫ್’ ಅಂದರೆ ಹಲವು, ಬಹುವಚನ. ಟೀಮ್, ಕಮಿಟಿಗೆ ಬ್ರಿಟಿಷರು ಬಹುವಚನವನ್ನೂ ಬಳಸುತ್ತಾರೆ. ನಮ್ಮ ಪರೀಕ್ಷೆಗಳಿಗೆ ಓದುವವರು ಸುಮ್ನೆ ಏಕವಚನವನ್ನೇ ಬರೆಯಿರಿ.

ಐದರ್–ಆರ್, ನೈದರ್–ನಾರ್ ಬಂದಾಗ ಮಾತ್ರ ವರ್ಬ್‌ಗೆ ಹತ್ತಿರ ಇರುವವನೇ ಯಜಮಾನ. ‘ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್.’ ಬಹುವಚನವನ್ನು ಯಾವಾಗಲೂ ಎರಡನೆಯದಾಗಿ ಇಡಿ. ಓದಲು ಸರಾಗ, ತಪ್ಪಾಗುವುದೂ ಕಡಿಮೆ.

ಬರೆದು ಮುಗಿದಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ಬರೀ ವರ್ಬ್‌ಗಳನ್ನು ನೋಡುತ್ತ, ಕೊನೆಯ ವಾಕ್ಯದಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಓದಿದರೆ ಅರ್ಥದ ಹಿಂದೆ ಹೋಗಿಬಿಡುತ್ತೀರಿ, ತಪ್ಪು ಕಾಣುವುದಿಲ್ಲ. ಫೋನ್ ತಾನೇ ತಿದ್ದಿಕೊಡುತ್ತದೆ ಅಂತ ರೂಢಿ ಮಾಡಿಕೊಳ್ಳಬೇಡಿ, ಪರೀಕ್ಷೆಯ ಹಾಲ್‌ನಲ್ಲಿ ಫೋನ್ ಇರುವುದಿಲ್ಲ.

ಇದನ್ನು ಈಗಲೇ ಮಾಡಿ ನೋಡಿ: ‘ದ ಬಾಕ್ಸ್ ಆಫ್ ಪೇಡಾಸ್ ದ್ಯಾಟ್ ಮೈ ಅಂಕಲ್ಸ್ ಬ್ರಾಟ್ ಫ್ರಮ್ ಧಾರವಾಡ ___ ಆನ್ ದ ಟೇಬಲ್.’ ನಮ್ಮ ಮಾವಂದಿರು ಧಾರವಾಡದಿಂದ ತಂದ ಪೇಡಾಗಳ ಡಬ್ಬಿ ಟೇಬಲ್ ಮೇಲಿದೆ. ಟೇಬಲ್ ಮೇಲೆ ಇರುವುದು ಏನು?